ಅಂಗೈಯೊಳಗಿನ ಜಾತ್ರೆ

ಮಂಡ್ಯ ಜಿಲ್ಲೆಯು ಜಾತ್ರೆಗಳ ಸೀಮೆ. ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿಯ ರಥೋತ್ಸವ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ವೈರಮುಡಿ, ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ದನಗಳ ಜಾತ್ರೆ, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ತೇರು. ಹದಿನಾಲ್ಕು ವರ್ಷದ ಮಗಳು ಗೆಳತಿಯರೊಡನೆ ಜಾತ್ರೆಗೆ ಹೋಗುತ್ತೇನೆಂದಾಗ ತಂದೆತಾಯಿಗಳು ಒಮ್ಮೆಗೇ ಹೂಂ ಎನ್ನುವುದೂ ಇಲ್ಲ, ಉಹೂಂ ಎನ್ನುವುದೂ ಇಲ್ಲ. ಜೊತೆಯಲ್ಲಿ ಯಾರಿದ್ದಾರೆ, ಯಾವ ಬಸ್ಸಿಗೆ ಹಿಂದಿರುಗುವೆ, ಕೈಯಲ್ಲಿ ಎಷ್ಟು ಹಣವಿದೆ, ಗುಂಪಿನಿಂದ ತಪ್ಪಿಸಿಕೊಂಡರೆ ಯಾರನ್ನು ಕೇಳುವೆ ಎಂದು ವಿಚಾರಿಸುತ್ತಾರೆ. ಉತ್ತರಗಳು ಸಮಾಧಾನಕರವಾಗಿದ್ದರೆ ಕಳುಹಿಸಿಕೊಡುತ್ತಾರೆ. ಈ ವಿವೇಕವನ್ನು ಅವರಿಗೆ ಯಾವ ಶಾಲೆಯೂ ಕಲಿಸಿದ್ದಲ್ಲ. ತಲೆಮಾರುಗಳ ಅನುಭವವೇ ಕಲಿಸಿದ್ದು.

2020ರಲ್ಲಿ ಕೊರೋನಾ ರೋಗದ ನಿಮಿತ್ತ ಶಾಲೆಗಳು ಮುಚ್ಚಿದಾಗ, ಪಾಠ ಕೇಳುವುದಕ್ಕೆಂದು ಅನೇಕ ಮನೆಗಳಿಗೆ ಮೊಬೈಲ್ ಫೋನು ಬಂದಿತು. ಶಾಲೆಗಳು ಮತ್ತೆ ತೆರೆದವು. ಫೋನು ಮನೆಯಲ್ಲಿಯೇ ಉಳಿಯಿತು. ಅದರೊಳಗೆ ಹಗಲಿರುಳೂ ನೆರೆದಿರುವ ಇನ್ನೊಂದು ಜಾತ್ರೆಯಿತ್ತು. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಎಂಬ ಹೆಸರುಗಳನ್ನು ಮಕ್ಕಳು ಬಲ್ಲರು. ತಂದೆತಾಯಿಗಳಲ್ಲಿ ಬಹುಮಂದಿ ಹೆಸರನ್ನಷ್ಟೇ ಬಲ್ಲರು. ಜಾತ್ರೆಗೆ ಕಳುಹಿಸುವ ಮುನ್ನ ನಾಲ್ಕು ಮಾತು ಕೇಳುವ ತಾಯಿ ಇಲ್ಲಿ ಮಾತ್ರ ‘ನಮಗೇನು ತಿಳಿದೀತು’ ಎಂದು ಸುಮ್ಮನಾಗುತ್ತಾಳೆ. ವಾಸ್ತವವಾಗಿ ಆಕೆಗೆ ತಿಳಿಯದಿರುವುದು ಯಂತ್ರ ಮಾತ್ರ. ಕೇಳಬೇಕಾದ ಪ್ರಶ್ನೆಗಳು ಆಕೆಗೆ ಚೆನ್ನಾಗಿ ಗೊತ್ತಿರುವಂಥವೇ.

ಮೊದಲನೆಯ ಪ್ರಶ್ನೆ ವಯಸ್ಸಿನದು. ಬಹುತೇಕ ಆ್ಯಪ್‌ಗಳು ಹದಿಮೂರು ತುಂಬಿದವರಿಗೆ ಪ್ರವೇಶವೆನ್ನುತ್ತವೆ. ಹದಿಮೂರಕ್ಕೆ ಬುದ್ಧಿ ಬಲಿಯುತ್ತದೆಂದು ಯಾರೋ ಪರೀಕ್ಷಿಸಿ ನಿಶ್ಚಯಿಸಿದ ಸಂಖ್ಯೆ ಇದೆಂದು ಭಾವಿಸಬಾರದು. ಹದಿಮೂರು ತುಂಬದ ಮಕ್ಕಳ ವಿವರಗಳನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಕೂಡದೆಂದು ಅಮೆರಿಕವು 1998ರಲ್ಲಿ ಕಾನೂನು ಮಾಡಿತು. ಕಂಪನಿಗಳು ಆ ಗೆರೆಯನ್ನೇ ಜಗತ್ತಿಗೆಲ್ಲ ಅನ್ವಯಿಸಿದವು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ವಿವರ ಪಡೆಯಲು ಪೋಷಕರ ಸಮ್ಮತಿ ಬೇಕೆಂದು ವಿಧಿಸಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪನಿಗಳು ಸಿದ್ಧವಾಗಲು ಹದಿನೆಂಟು ತಿಂಗಳ ಅವಧಿಯನ್ನೂ ಕೊಡಲಾಯಿತು. ಆಸ್ಟ್ರೇಲಿಯವು 2025ರ ಡಿಸೆಂಬರ್ 10ರಿಂದ ಹದಿನಾರರ ಒಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನೇ ತಡೆಯಿತು. ದೇಶ ದೇಶಕ್ಕೂ ಗೆರೆ ಬೇರೆಯಾಗಿರುವಾಗ, ತನ್ನ ಮಗುವಿನ ಸ್ವಭಾವವನ್ನು ಬಲ್ಲ ತಾಯಿಯ ಅಂದಾಜು ಕಡೆಗಣಿಸತಕ್ಕದ್ದಲ್ಲ.

ಇದಕ್ಕಿಂತಲೂ ಮುಖ್ಯವಾದದ್ದು, ಅಲ್ಲಿ ಮಗುವನ್ನು ಯಾರು ಮಾತನಾಡಿಸಬಲ್ಲರೆಂಬುದು. ನಾಗಮಂಗಲದ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ರಾಗಿ ಕೇರುತ್ತ ಕುಳಿತ ತಾಯಿ ಮಗಳನ್ನು ಕೇಳುತ್ತಾಳೆ: “ಇದರಾಗೆ ನಿನ್ನ ಯಾರ್‍ಯಾರು ಮಾತಾಡಿಸಬೌದು ಮಗಾ?” ಮಗಳು ತಡವರಿಸುತ್ತಾಳೆ: “ಗೆಳತೀರು ಕಣವ್ವ... ಬ್ಯಾರೆಯೋರೂ ಮಾತಾಡಿಸಬೌದು ಅನ್ಸುತ್ತೆ.” “ಅನ್ಸುತ್ತೆ ಅಂದ್ರೆ? ತೆಗ್ದು ತೋರ್‍ಸು ನೋಡಾನ.” ಆ ತಾಯಿ ಅಕ್ಷರ ಬಲ್ಲವಳಲ್ಲದಿರಬಹುದು; ಆದರೂ ಇಲ್ಲಿ ಪರೀಕ್ಷಕಳು ಅವಳೇ. ಇಬ್ಬರೂ ಸೇರಿ ಹುಡುಕಿದಾಗ ಖಾತೆಯು ಖಾಸಗಿಯೋ ಬಹಿರಂಗವೋ ಎಂಬುದು ಹೊರಬೀಳುತ್ತದೆ. ಬಹಿರಂಗವಾದ ಖಾತೆಯಲ್ಲಿ ಹಾಕಿದ ಒಂದು ಚಿತ್ರ ಎಷ್ಟೋ ಸಂಗತಿಗಳನ್ನು ಹೇಳಿಬಿಡುತ್ತದೆ: ಸಮವಸ್ತ್ರದಿಂದ ಶಾಲೆ, ಬಸ್ಸಿನ ಫಲಕದಿಂದ ಊರು, ಪ್ರತಿದಿನದ ವೇಳೆಯಿಂದ ಒಂಟಿಯಾಗಿ ನಡೆಯುವ ದಾರಿ.

ಇಲ್ಲಿಯೇ ಒಂದು ಕುತ್ತು ಅಡಗಿದೆ. ಇನ್‌ಸ್ಟಾಗ್ರಾಂ 2024ರಲ್ಲಿ ‘ಹದಿಹರೆಯದವರ ಖಾತೆ’ ಎಂಬ ವ್ಯವಸ್ಥೆಯನ್ನು ಆರಂಭಿಸಿ, 2025ರಲ್ಲಿ ಭಾರತಕ್ಕೂ ತಂದಿತು. ಹದಿನೆಂಟರೊಳಗಿನವರ ಖಾತೆ ತಾನಾಗಿಯೇ ಖಾಸಗಿಯಾಗುತ್ತದೆ. ಹದಿನಾರರ ಒಳಗಿನವರು ಈ ಕಟ್ಟನ್ನು ಸಡಿಲಿಸಲು ಪೋಷಕರ ಅನುಮತಿ ಬೇಕು. ಆದರೆ ಹುಟ್ಟಿದ ವರ್ಷವನ್ನು ಸುಳ್ಳಾಗಿ ಬರೆದ ಮಗುವಿಗೆ ಈ ಯಾವ ರಕ್ಷಣೆಯೂ ದೊರೆಯಬೇಕೆಂದಿಲ್ಲ. ಮನೆಯಲ್ಲಿ ಬೈಗುಳವೊಂದೇ ಉತ್ತರವಾದರೆ ಮಗು ಗುಟ್ಟಾಗಿ ಖಾತೆ ತೆರೆಯುತ್ತದೆ. ನಾಳೆ ಯಾರೋ ಅಪರಿಚಿತ ಬೆದರಿಸಿದಾಗ ಆ ಗುಟ್ಟೇ ಅದರ ಬಾಯನ್ನು ಕಟ್ಟುತ್ತದೆ. 1098ರ ಮಕ್ಕಳ ಸಹಾಯವಾಣಿ, ಸೈಬರ್ ಅಪರಾಧಗಳಿಗೆ 1930 ಇವೆ. ಆದರೆ ಅಲ್ಲಿಗೆ ಕರೆಮಾಡುವ ಮೊದಲು ಮನೆಯಲ್ಲಿ ಯಾರಿಗಾದರೂ ಹೇಳುವ ಧೈರ್ಯ ಬೇಕಷ್ಟೆ!

ಊರ ಜಾತ್ರೆಗೆ ಕೊನೆಯಿದೆ. ತೇರು ನೆಲೆ ಸೇರುತ್ತದೆ, ಅಂಗಡಿಯವರು ಗಂಟು ಕಟ್ಟುತ್ತಾರೆ. ಫೋನಿನ ಜಾತ್ರೆಗೆ ಕೊನೆಯಿಲ್ಲದಂತೆ ಬುದ್ಧಿಪೂರ್ವಕವಾಗಿಯೇ ಮಾಡಲಾಗಿದೆ. ಪುಟ ಮುಗಿಯದೆ ಕೆಳಗೆ ಕೆಳಗೆ ಉರುಳುತ್ತಲೇ ಇರುವ ಏರ್ಪಾಡನ್ನು 2006ರಲ್ಲಿ ರೂಪಿಸಿದ ಏಸಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರರು ಮುಂದೆ ತಾವೇ ಬಹಿರಂಗವಾಗಿ ಅದಕ್ಕೆ ವಿಷಾದಿಸಿದರು. ಜನರು ಹೆಚ್ಚು ಹೊತ್ತು ನೋಡಿದಷ್ಟೂ ಜಾಹೀರಾತಿನ ಆದಾಯ ಹೆಚ್ಚು. ಆ್ಯಪ್ ಪುಕ್ಕಟೆಯಾಗಿ ದೊರೆಯುವುದರ ಮರ್ಮವಿದು. ಇಂತಹ ಅತಿಬಳಕೆಯಿಂದ ಬಳಲುವವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ಆದುದರಿಂದ ದಿನಕ್ಕೆ ಎಷ್ಟು ಹೊತ್ತು ಎಂಬುದರ ಜೊತೆಗೆ, ರಾತ್ರಿ ಫೋನು ಎಲ್ಲಿ ಮಲಗುತ್ತದೆ ಎಂಬುದನ್ನೂ ಪೋಷಕರು ಕೇಳಬೇಕು. ದಿಂಬಿನ ಕೆಳಗಿರುವ ಫೋನು ನಿದ್ದೆಯನ್ನು ಕದಿಯುತ್ತದೆ. ಈ ನಿಯಮ ತಂದೆಯ ಫೋನಿಗೂ ಅನ್ವಯವಾದರೆ ಮಕ್ಕಳು ಅದನ್ನು ಬೇಗ ಒಪ್ಪುತ್ತಾರೆ.

ಒಂದು ಆ್ಯಪನ್ನು ಕೆಟ್ಟದ್ದೆಂದು ತಳ್ಳಿ ನಿಶ್ಚಿಂತರಾಗುವಂತೆಯೂ ಇಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರವು ಟಿಕ್‌ಟಾಕ್ ಸಹಿತ 59 ಆ್ಯಪ್‌ಗಳನ್ನು ನಿಷೇಧಿಸಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ಅದೇ ಬಗೆಯ ಕಿರುಚಿತ್ರಗಳನ್ನು ರೀಲ್ಸ್ ಎಂಬ ಹೆಸರಿನಲ್ಲಿ ಭಾರತಕ್ಕೆ ತಂದಿತು. ಹೆಸರು ಬದಲಾಯಿತು, ಸರಕು ಬದಲಾಗಲಿಲ್ಲ. ಒಮ್ಮೆ ಒಪ್ಪಿದ ಆ್ಯಪ್ ಕೂಡ ಹೊಸ ಆವೃತ್ತಿ ಬಂದಾಗ ಹೊಸ ಬಾಗಿಲುಗಳನ್ನು ತೆರೆಯುತ್ತದೆ. ಆದ್ದರಿಂದ ಸುಗ್ಗಿ ಮುಗಿದು ಕೈ ಬಿಡುವಾದಾಗ ತಾಯಿಯೂ ಮಗಳೂ ಜಗುಲಿಯ ಮೇಲೆ ಮತ್ತೊಮ್ಮೆ ಕುಳಿತು, ಯಾರು ಯಾರು ಮಾತನಾಡಿಸಬಹುದೆಂಬ ಆ ಪುಟವನ್ನು ಹೊಸದಾಗಿ ತೆರೆದು ನೋಡಬೇಕಾಗುತ್ತದೆ.