ಸ್ವೆಟರಿನ ಸೊಂಟ ಎಲ್ಲಿ ಬರಬೇಕು?

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳಿಗೆ ಒಂದು ಸ್ವೆಟರ್ ಹೆಣೆದು ಕಳಿಸಿದ್ದೆ. ಚೀಲದ ಹಾಗೆ ನೇರವಾಗಿದೆ ಎಂದಳು. ಎರಡನೆಯದರಲ್ಲಿ ಸೊಂಟದ ಹತ್ತಿರ ಕುಣಿಕೆ ಕಡಿಮೆ ಮಾಡಿ, ಮೇಲೆ ಮತ್ತೆ ಹೆಚ್ಚಿಸಿದೆ. ಈಗ ನಡೆದಾಡಿದರೆ ಸ್ವೆಟರ್ ಮೇಲಕ್ಕೇರಿ ಹೊಟ್ಟೆಯ ಸುತ್ತ ಮಡಿಕೆ ಬೀಳುತ್ತದಂತೆ. ಎಷ್ಟು ಕುಣಿಕೆ ಕಡಿಮೆ ಮಾಡಿದರೆ ಸರಿಯಾದೀತು?
– ಓದುಗರೊಬ್ಬರು, ಕೋಟೇಶ್ವರ

ಉತ್ತರ: ನೀವು ಕಡಿಮೆ ಮಾಡಿದ ಕುಣಿಕೆಗಳ ಲೆಕ್ಕ ಬಹುಶಃ ಸರಿಯಾಗಿಯೇ ಇದೆ. ತಪ್ಪಿರುವುದು ಜಾಗ. ಸ್ವೆಟರಿನ ಕಿರಿದಾದ ಭಾಗ ಮೈಯ ಸೊಂಟಕ್ಕಿಂತ ಕೆಳಗೆ, ಅಗಲವಾದ ಕಡೆ ಬಿದ್ದಿದೆ. ಅಲ್ಲಿ ಅದಕ್ಕೆ ನಿಲ್ಲಲು ಆಗುವುದಿಲ್ಲ. ನಡೆದಾಗ, ಕೈ ಎತ್ತಿದಾಗ ತನಗೆ ಹೊಂದುವ ಕಿರಿದಾದ ಜಾಗವನ್ನು ಹುಡುಕಿ ಮೇಲೇರುತ್ತದೆ. ಆಗ ಅದರ ಮೇಲಿನ ಉದ್ದವೆಲ್ಲ ಹೆಚ್ಚಾಗಿ ಮಡಿಕೆಯಾಗುತ್ತದೆ. ಒಂದಿಂಚು ಹೆಚ್ಚು ಸಡಿಲವಾದ ಸೊಂಟ ಯಾರ ಕಣ್ಣಿಗೂ ಬೀಳದು. ಒಂದಿಂಚು ಕೆಳಗೆ ಬಿದ್ದ ಸೊಂಟ ಹಾಕಿಕೊಂಡವರಿಗೆ ದಿನವಿಡೀ ಕಾಟ ಕೊಡುತ್ತದೆ.

ಆದ್ದರಿಂದ ಮೊದಲು ಉದ್ದದ ಅಳತೆ ಬೇಕು. ಕೊಡಿ ಹಬ್ಬಕ್ಕೆ ಮಗಳು ಊರಿಗೆ ಬರುತ್ತಾಳಾದರೆ ಆಗಲೇ ತೆಗೆದುಕೊಳ್ಳಿ. ಇಲ್ಲವಾದರೆ ಫೋನಿನಲ್ಲಿ ಹೇಳಿ ಮಾಡಿಸಬಹುದು. ಒಂದು ಲಾಡಿಯನ್ನು ಹೊಟ್ಟೆಯ ಸುತ್ತ ಹಗುರವಾಗಿ ಕಟ್ಟಿಕೊಂಡು ಅವಳು ಎಡಕ್ಕೂ ಬಲಕ್ಕೂ ನಾಲ್ಕು ಸಲ ಬಾಗಲಿ. ಲಾಡಿ ತಾನಾಗಿ ಸರಿದು ನಿಲ್ಲುವ ಜಾಗವೇ ಸೊಂಟ. ಪ್ಯಾಂಟು ಕಟ್ಟುವ ಜಾಗ, ಸೀರೆಯ ನೆರಿಗೆ ಸಿಕ್ಕಿಸುವ ಜಾಗ ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುತ್ತದೆ. ಹೆಚ್ಚಿನವರು ಅದನ್ನೇ ಸೊಂಟವೆಂದು ಅಳೆಯುವುದರಿಂದ ಲೆಕ್ಕ ಅಲ್ಲಿಯೇ ತಪ್ಪುತ್ತದೆ. ತಲೆ ತಗ್ಗಿಸಿದಾಗ ಕತ್ತಿನ ಹಿಂದೆ ಎದ್ದು ಕಾಣುವ ಮೂಳೆಯಿಂದ ಆ ಲಾಡಿಯವರೆಗೆ ಯಾರಾದರೂ ಗೆಳತಿ ಟೇಪ್ ಹಿಡಿದು ಅಳೆಯಲಿ. ಜೊತೆಗೆ ಎದೆ, ಸೊಂಟ, ನಿತಂಬದ ಸುತ್ತಳತೆಗಳು.

ಇನ್ನು ತುಂಡು ಹೆಣೆದು ನೋಡುವ ಕೆಲಸ. ಆರು ಇಂಚು ಅಗಲ, ಆರು ಇಂಚು ಉದ್ದದ ತುಂಡನ್ನು ಅದೇ ಉಲ್ಲನ್, ಅದೇ ಕಡ್ಡಿಯಲ್ಲಿ ಹೆಣೆಯಿರಿ. ಒಗೆದು ಒಣಗಿಸಿ, ಆಮೇಲೆ ಒಂದು ರಾತ್ರಿ ಕ್ಲಿಪ್ ಹಾಕಿ ನೇತುಬಿಡಿ. ನಮ್ಮ ಅಂಗಡಿಗಳಲ್ಲಿ ಸಿಗುವ ಉಲ್ಲನ್ ಬಹಳಷ್ಟು ಅಕ್ರಿಲಿಕ್. ತನ್ನ ಭಾರಕ್ಕೇ ಉದ್ದಕ್ಕೆ ಇಳಿಯುವ ಸ್ವಭಾವ ಅದಕ್ಕಿದೆ. ಮೇಜಿನ ಮೇಲೆ ಸರಿಯಾಗಿದ್ದ ಸೊಂಟ ಮೈಮೇಲೆ ಕೆಳಗಿಳಿಯುವುದಕ್ಕೆ ಇದೂ ಒಂದು ಕಾರಣ. ನೇತುಹಾಕಿದ ಮೇಲೆ ಒಂದಿಂಚಿಗೆ ಎಷ್ಟು ಕುಣಿಕೆ, ಎಷ್ಟು ಸಾಲು ಎಂದು ಎಣಿಸಿ. ಕುಣಿಕೆಯನ್ನಷ್ಟೇ ಎಣಿಸಿ ಸಾಲನ್ನು ಬಿಟ್ಟುಬಿಡುವ ರೂಢಿ ನಮ್ಮಲ್ಲಿದೆ. ನೇರ ಸ್ವೆಟರಿಗೆ ಅದು ನಡೆಯುತ್ತದೆ, ಸೊಂಟವಿರುವ ಸ್ವೆಟರಿಗೆ ನಡೆಯುವುದಿಲ್ಲ.

ಒಂದು ಉದಾಹರಣೆಯನ್ನು ಕೊನೆಯವರೆಗೆ ಲೆಕ್ಕ ಹಾಕೋಣ. ಮೈಯಳತೆ ಎದೆ 34, ಸೊಂಟ 28, ನಿತಂಬ 36 ಇಂಚು ಎಂದಿಟ್ಟುಕೊಳ್ಳಿ. ಸ್ವೆಟರಿಗೆ ಎದೆ 36, ಸೊಂಟ 32, ನಿತಂಬ 38 ಇರಲಿ. ಸೊಂಟದಲ್ಲಿ ಎರಡರ ಬದಲು ನಾಲ್ಕು ಇಂಚು ಸಡಿಲ ಬಿಟ್ಟಿದ್ದೇನೆ. ಒಳಗೆ ಕುರ್ತಾ ಇರುತ್ತದೆ, ಕೂತಾಗ ಹೊಟ್ಟೆ ಅಗಲವಾಗುತ್ತದೆ. ಮೈಗೆ ಅಂಟಿದ ಸ್ವೆಟರ್ ಚೆಂದವೂ ಅಲ್ಲ, ಬೆಚ್ಚಗೂ ಇರುವುದಿಲ್ಲ. ತುಂಡಿನಲ್ಲಿ ಇಂಚಿಗೆ ಐದೂವರೆ ಕುಣಿಕೆ, 7 ಸಾಲು ಬಂದಿದೆ ಎನ್ನೋಣ. ಹಿಂಭಾಗದ ಕೆಳಗಿನ ಅಗಲ 19 ಇಂಚು, ಹೊಲಿಗೆಗೆ ಹೋಗುವ ಎರಡು ಕುಣಿಕೆ ಸೇರಿಸಿದರೆ 106 ಕುಣಿಕೆ. ಸೊಂಟದಲ್ಲಿ 16 ಇಂಚಿಗೆ 90. ಎದೆಯಲ್ಲಿ 18 ಇಂಚಿಗೆ 102. ಅಂದರೆ ಕೆಳಗಿನಿಂದ ಸೊಂಟಕ್ಕೆ 16 ಕುಣಿಕೆ ಕಡಿಮೆಯಾಗಬೇಕು, ಬದಿಗೊಂದರಂತೆ ಎಂಟು ಸಲ. ಸೊಂಟದಿಂದ ಎದೆಗೆ 12 ಹೆಚ್ಚಬೇಕು, ಆರು ಸಲ.

ಈಗ ಜಾಗ. ಸ್ವೆಟರಿನ ಒಟ್ಟು ಉದ್ದ 24 ಇಂಚು, ಕತ್ತಿನಿಂದ ಸೊಂಟಕ್ಕೆ ಹದಿನೈದೂವರೆ ಎಂದಾದರೆ ಸೊಂಟ ಕೆಳ ಅಂಚಿನಿಂದ ಎಂಟೂವರೆ ಇಂಚಿಗೆ ಬರಬೇಕು. ಎರಡಿಂಚು ಬಾರ್ಡರ್ ಮುಗಿದ ಮೇಲೆ 10 ಸಾಲು ನೇರ ಹೆಣೆಯಿರಿ, ಯಾಕೆಂದರೆ ನಿತಂಬಕ್ಕೆ ಪೂರ್ತಿ ಅಗಲ ಬೇಕು. ಆಮೇಲೆ ನಾಲ್ಕು ಸಾಲಿಗೊಮ್ಮೆ, ಎಂಟು ಸಲ ಕಡಿಮೆ ಮಾಡಿ. ಅಲ್ಲಿಗೆ ಎಂಟಿಂಚು. ಸೊಂಟದಲ್ಲಿ 8 ಸಾಲು ಏನೂ ಬದಲಿಸದೆ ಹೆಣೆಯಿರಿ. ಈ ಒಂದಿಂಚಿನ ಪಟ್ಟಿ ಬಹಳ ಮುಖ್ಯ. ಕಡಿಮೆ ಮಾಡಿದ ಕೂಡಲೇ ಹೆಚ್ಚಿಸಲು ತೊಡಗಿದರೆ ಬದಿಯಲ್ಲಿ ಚೂಪಾದ ಮೂಲೆ ಬರುತ್ತದೆ, ಮೈಯ ಸೊಂಟ ಎಂದೂ ಹಾಗಿರುವುದಿಲ್ಲ. ನಂತರ ಆರು ಸಾಲಿಗೊಮ್ಮೆ, ಆರು ಸಲ ಹೆಚ್ಚಿಸಿ, ಕಂಕುಳಿನವರೆಗೆ ಉಳಿದ 12 ಸಾಲು ನೇರ. ಎದೆಯ ಅಗಲ ಕಂಕುಳಿಗಿಂತ ಕೆಳಗೇ ಪೂರ್ತಿ ಸಿಗಬೇಕು. ಕಂಕುಳಿನವರೆಗೂ ಹೆಚ್ಚಿಸುತ್ತಾ ಹೋದರೆ ಎದೆಯ ಮೇಲೆ ಎಳೆತ ಕಾಣುತ್ತದೆ.

ಕಡಿಮೆ ಮಾಡುವುದನ್ನು ತುದಿಯ ಕುಣಿಕೆಯಲ್ಲಿ ಮಾಡಬೇಡಿ, ಹೊಲಿಗೆ ಒರಟಾಗುತ್ತದೆ. ಸೀದಾ ಸಾಲಿನ ಆರಂಭದಲ್ಲಿ ಎರಡು ಕುಣಿಕೆ ಹೆಣೆದು, ಮುಂದಿನ ಎರಡನ್ನು ಒಂದೊಂದಾಗಿ ಜಾರಿಸಿ, ಒಟ್ಟಿಗೆ ಹಿಂದಿನಿಂದ ಹೆಣೆಯಿರಿ. ಇದು ಎಡಕ್ಕೆ ವಾಲುತ್ತದೆ. ಕೊನೆಯಲ್ಲಿ ನಾಲ್ಕು ಉಳಿದಾಗ ಎರಡನ್ನು ಒಟ್ಟಿಗೆ ಮಾಮೂಲಿನಂತೆ ಹೆಣೆಯಿರಿ, ಇದು ಬಲಕ್ಕೆ ವಾಲುತ್ತದೆ. ಎರಡೂ ಬದಿಯ ಗೆರೆಗಳು ಆಗ ಒಂದಕ್ಕೊಂದು ಹೊಂದುತ್ತವೆ. ಹೆಚ್ಚಿಸುವಾಗ ಎರಡು ಕುಣಿಕೆಗಳ ನಡುವಿನ ಅಡ್ಡ ಎಳೆಯನ್ನು ಎತ್ತಿ ತಿರುಚಿ ಹೆಣೆಯಬೇಕು, ತಿರುಚದಿದ್ದರೆ ತೂತು ಉಳಿಯುತ್ತದೆ.

ಎಲ್ಲವನ್ನೂ ಬದಿಯಲ್ಲೇ ಮಾಡಬೇಕೆಂದಿಲ್ಲ. ರವಿಕೆಯಲ್ಲಿ ಟಕ್ಸ್ ಹಿಡಿಯುವಂತೆ, ಬದಿಯಿಂದ ಅಗಲದ ಕಾಲು ಭಾಗ ಒಳಗೆ ಎರಡು ಗೆರೆಗಳಲ್ಲಿ ಕಡಿಮೆ ಮಾಡಿದರೆ ಬಟ್ಟೆ ಬೆನ್ನಿಗೆ ಇನ್ನೂ ಚೆನ್ನಾಗಿ ಕೂರುತ್ತದೆ. ಮುಂದೆ ಸ್ವಲ್ಪ ಹೊಟ್ಟೆ ಇರುವವರಿಗೆ ಹಿಂಭಾಗದಲ್ಲಿ ಮಾತ್ರ ಹೀಗೆ ಮಾಡಿ ಮುಂಭಾಗವನ್ನು ನೇರ ಬಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಮುಂದೆ ತೆರೆದ ಸ್ವೆಟರಾದರೆ ಸೊಂಟದ ಸಾಲಿಗೆ ಸರಿಯಾಗಿ ಒಂದು ಗುಂಡಿ ಬರಲಿ.

ಲೆಕ್ಕವೇ ಬೇಡ ಎನ್ನುವವರಿಗೆ ಕಡ್ಡಿ ಬದಲಿಸುವ ದಾರಿಯಿದೆ. ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ನಂಬರಿನಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ಸಣ್ಣ: 8 ನಂಬರ್ ಎಂದರೆ 4 ಮಿ.ಮೀ., 10 ನಂಬರ್ ಎಂದರೆ 3.25 ಮಿ.ಮೀ. ಸೊಂಟದ ಎರಡು–ಮೂರು ಇಂಚನ್ನು 10ರಲ್ಲಿ ಹೆಣೆದು ಮತ್ತೆ 8ಕ್ಕೆ ಬಂದರೆ ಇಂಚಿಗೆ ಅರ್ಧ ಕುಣಿಕೆಯಷ್ಟು ಬಿಗಿಯಾದರೂ ಸುತ್ತಳತೆ ಮೂರು ಇಂಚಿನಷ್ಟು ಇಳಿಯುತ್ತದೆ. ಡಿಸೈನ್ ಕೆಡುವುದಿಲ್ಲ. ಅದಕ್ಕಿಂತ ಹೆಚ್ಚು ಬೇಕಾದರೆ ಮಾತ್ರ ಇದು ಸಾಲದು. ಕತ್ತಿನಿಂದ ಕೆಳಕ್ಕೆ ಹೆಣೆಯುವ ವಿಧಾನವೂ ಇದೆ. ಅಮೆರಿಕದ ಬಾರ್ಬರಾ ವಾಕರ್ 1972ರಲ್ಲಿ ಅದರ ಮೇಲೆಯೇ ಒಂದು ಪುಸ್ತಕ ತಂದರು. ಹೆಣೆಯುತ್ತಾ ಹಾಕಿ ನೋಡಬಹುದು ಎಂಬುದೇ ಅದರ ದೊಡ್ಡ ಲಾಭ. ಹಾಕಿಕೊಳ್ಳುವವಳು ಬೆಂಗಳೂರಿನಲ್ಲಿ, ಹೆಣೆಯುವವರು ಕೋಟೇಶ್ವರದಲ್ಲಿ ಇರುವಾಗ ನಿಮಗೆ ಆ ಲಾಭ ಸಿಗದು.

ಸ್ವೆಟರ್ ಬೇಕೆನಿಸುವ ಚಳಿಯೇ ಇಲ್ಲದ ಕರಾವಳಿಯಲ್ಲಿ ಇಷ್ಟೊಂದು ಕೈಗಳು ಹೆಣಿಗೆ ಬಲ್ಲವು ಎಂಬುದು ನನಗೆ ಬಹಳ ಸಂತೋಷದ ವಿಷಯ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಹೆಣ್ಣುಮಕ್ಕಳಿಗೆ ಹೊಲಿಗೆಯ ಜೊತೆ ಇದನ್ನೂ ಕಲಿಸಿದರು. ಮಗುವಿಗೆ ಕುಲಾವಿ, ಕಾಲುಚೀಲ, ಬಾಳೆಬರೆ ಘಾಟಿ ಹತ್ತಿ ಮಲೆನಾಡಿಗೆ ಹೋದ ನಂಟರಿಗೆ ಸ್ವೆಟರ್ ಎಂದು ಆ ಕಲಿಕೆ ಮನೆಮನೆಗಳಲ್ಲಿ ಉಳಿಯಿತು. ಬೆಂಗಳೂರಿನ ಡಿಸೆಂಬರ್ ರಾತ್ರಿಯ 15–16 ಡಿಗ್ರಿಗೆ ನೀವು ಹೆಣೆದದ್ದು ಧಾರಾಳ ಸಾಕು.

ಎರಡನೆಯ ಸ್ವೆಟರನ್ನು ಎಸೆಯಬೇಡಿ. ಹೊಲಿಗೆ ಬಿಚ್ಚಿ, ಎರಡೂ ಭಾಗಗಳನ್ನು ಮೇಲಿನಿಂದ ಸೊಂಟದ ಕೆಳಗಿನವರೆಗೆ ಬಿಚ್ಚಿಕೊಂಡು ಹೊಸ ಲೆಕ್ಕದಲ್ಲಿ ಹೆಣೆಯಬಹುದು. ಕಡಿಮೆ ಮಾಡಿದ ಪ್ರತಿ ಸಾಲಿಗೂ ಬೇರೆ ಬಣ್ಣದ ದಾರದ ಗುರುತು ಕಟ್ಟಿ, ಮುಂಭಾಗ ಹಿಂಭಾಗ ಒಂದೇ ಸಾಲಿಗೆ ಬರಲಿ. ಅಕ್ರಿಲಿಕ್ಕಿಗೆ ಬಿಸಿ ಇಸ್ತ್ರಿ ತಾಗಿಸಲೇಬೇಡಿ, ಬಟ್ಟೆ ಜೋತುಬಿದ್ದು ಮತ್ತೆ ಸರಿಯಾಗುವುದಿಲ್ಲ. ಒಗೆದ ಮೇಲೆ ತಂತಿಗೆ ಹಾಕದೆ ನೆರಳಿನಲ್ಲಿ ಹಾಸಿ ಒಣಗಿಸಿ. ಬದಿ ಹೊಲಿಯುವಾಗ ಸೊಂಟದ ಸಾಲನ್ನು ಸೊಂಟದ ಸಾಲಿಗೆ ಪಿನ್ನು ಮಾಡಿ, ಅಲ್ಲಿಂದ ಮೊದಲು ಕೆಳಕ್ಕೆ, ಆಮೇಲೆ ಕಂಕುಳಿನ ಕಡೆಗೆ ಹೊಲಿಯಿರಿ.