ಮೋಟಾರು ಸೈಕಲ್ಲಿಗೆ ಹೆಚ್ಚುವರಿ ದೀಪ: ಅಳವಡಿಕೆ, ಬಳಕೆ ಮತ್ತು ಕಾನೂನು

ರಾತ್ರಿಯ ಪ್ರಯಾಣವು ಇಂದು ಅನೇಕರಿಗೆ ಅನಿವಾರ್ಯವಾಗಿದೆ. ಮುಂಬಯಿಯಲ್ಲೋ ಪುಣೆಯಲ್ಲೋ ನೌಕರಿಯಲ್ಲಿರುವವರು ಹಬ್ಬಕ್ಕೆಂದು ಊರಿಗೆ ಹೊರಡುವಾಗ ದಿನದ ಕೆಲಸ ಮುಗಿಸಿ ಸಂಜೆಯೇ ಮೋಟಾರು ಸೈಕಲ್ ಏರುವುದುಂಟು. ದೆಹಲಿಯಿಂದ ಮುಂಬಯಿ, ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳ ಮಾರ್ಗವಾಗಿ ಚೆನ್ನೈಗೆ ಸಾಗುವ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಾಗಲಿ, ಹೈದರಾಬಾದಿನಿಂದ ಬೆಂಗಳೂರಿಗೆ ಬರುವ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಾಗಲಿ, ಪಟ್ಟಣದ ಬೀದಿದೀಪಗಳು ಮರೆಯಾದೊಡನೆ ಸವಾರನಿಗೆ ಉಳಿಯುವ ಆಸರೆಯೆಂದರೆ ಅವನ ವಾಹನದ ಹೆಡ್‌ಲೈಟ್ ಒಂದೇ. ಆ ಬೆಳಕು ಸಾಲದೆಂದು ತೋರಿದಾಗ ಹೆಚ್ಚುವರಿ ದೀಪಗಳನ್ನು ಅಳವಡಿಸಿಕೊಳ್ಳುವ ಆಲೋಚನೆ ಸಹಜವಾಗಿಯೇ ಬರುತ್ತದೆ.

ಆದರೆ ರಸ್ತೆಯು ಒಬ್ಬರ ಸ್ವತ್ತಲ್ಲ. ನಮಗೆ ದಾರಿ ತೋರಿಸುವ ಬೆಳಕೇ ಎದುರಿನಿಂದ ಬರುವವರ ಕಣ್ಣು ಕಟ್ಟಿದರೆ, ಅದರಿಂದ ಒದಗುವ ಅಪಾಯವನ್ನು ಇಬ್ಬರೂ ಅನುಭವಿಸಬೇಕಾಗುತ್ತದೆ. ಎಷ್ಟು ಬೆಳಕು ಅವಶ್ಯಕ, ಕಾನೂನು ಏನನ್ನು ಅನುಮತಿಸುತ್ತದೆ, ದೀಪಗಳನ್ನು ಹೇಗೆ ಅಳವಡಿಸಬೇಕು ಮತ್ತು ಹೇಗೆ ಬಳಸಬೇಕು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಬೆಳಕು ಎಷ್ಟು ದೂರ ಬೇಕು?

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಕ್ರಮಿಸುತ್ತದೆ. ರಸ್ತೆಯ ಮೇಲೆ ಏನೋ ಇದೆಯೆಂದು ಕಂಡು, ಮನಸ್ಸು ಅದನ್ನು ಗ್ರಹಿಸಿ, ಕೈಕಾಲುಗಳು ಬ್ರೇಕ್ ಒತ್ತುವುದಕ್ಕೆ ಒಂದೂವರೆ ಸೆಕೆಂಡು ಹಿಡಿಯಿತೆಂದರೆ ಅಷ್ಟರಲ್ಲಿಯೇ 25 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಾಕಿದರೂ ನಿಲ್ಲಲು ಇನ್ನೂ ಸುಮಾರು 23 ಮೀಟರ್ ಬೇಕು. ಒಟ್ಟು 48 ಮೀಟರ್. ವೇಗವನ್ನು 80ಕ್ಕೆ ಏರಿಸಿದರೆ ಇದೇ ಲೆಕ್ಕವು 74 ಮೀಟರ್ ಆಗುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಇನ್ನೂ ಹೆಚ್ಚು.

ಆದ್ದರಿಂದ ಕಣ್ಣಿಗೆ ಕಾಣುವ ದೂರಕ್ಕಿಂತ ನಿಲ್ಲಲು ಬೇಕಾದ ದೂರವು ಕಡಿಮೆಯಿರಬೇಕು ಎಂಬುದು ರಾತ್ರಿ ಸವಾರಿಯ ಮೊದಲ ಸೂತ್ರ. ಬೆಳಕನ್ನು ಹೆಚ್ಚಿಸುವುದು ಇದಕ್ಕೆ ಒಂದು ಉಪಾಯವಾದರೆ, ವೇಗವನ್ನು ತಗ್ಗಿಸುವುದು ಇನ್ನೊಂದು. ಎರಡನೆಯದಕ್ಕೆ ಖರ್ಚಿಲ್ಲ, ಅನುಮತಿಯೂ ಬೇಕಿಲ್ಲ. ಮೇಲಾಗಿ, ದೂರ ಹೆಚ್ಚಿದಂತೆ ಬೆಳಕಿನ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಎರಡರಷ್ಟು ದೂರವನ್ನು ಅಷ್ಟೇ ಸ್ಪಷ್ಟವಾಗಿ ಬೆಳಗಿಸಲು ನಾಲ್ಕರಷ್ಟು ಬೆಳಕು ಬೇಕು. ವೇಗವನ್ನು ಬೆಳಕಿನಿಂದ ಬೆನ್ನಟ್ಟುವುದು ಲಾಭದ ವ್ಯವಹಾರವಲ್ಲ.

ಎದುರಿನವರ ಕಣ್ಣು

ಕತ್ತಲೆಗೆ ಹೊಂದಿಕೊಂಡ ಕಣ್ಣಿನ ಪಾಪೆಯು ಅಗಲವಾಗಿ ತೆರೆದಿರುತ್ತದೆ. ಅಕ್ಷಿಪಟಲದಲ್ಲಿನ ಸೂಕ್ಷ್ಮ ಕೋಶಗಳು ಮಂದ ಬೆಳಕಿಗೆ ಸಿದ್ಧವಾಗಿರುತ್ತವೆ. ಈ ಹೊಂದಾಣಿಕೆಯು ಪೂರ್ಣವಾಗಲು ಸುಮಾರು ಅರ್ಧ ಗಂಟೆ ಬೇಕು. ಕೆಡಲು ಒಂದು ಕ್ಷಣ ಸಾಕು. ತೀವ್ರ ಬೆಳಕು ನೇರವಾಗಿ ಬಿದ್ದಾಗ ಕಣ್ಣು ಕೋರೈಸಿ, ದೃಷ್ಟಿ ಚೇತರಿಸಿಕೊಳ್ಳಲು ಕೆಲವು ಸೆಕೆಂಡುಗಳು ಹಿಡಿಯುತ್ತವೆ. ವಯಸ್ಸಾದವರಿಗೆ, ಕಣ್ಣಿನ ಪೊರೆ ಇರುವವರಿಗೆ ಇದು ಇನ್ನೂ ತಡ. ಮೂರೇ ಸೆಕೆಂಡು ಎಂದುಕೊಂಡರೂ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಲಾರಿಯು ಅಷ್ಟರಲ್ಲಿ 50 ಮೀಟರ್ ಕುರುಡಾಗಿ ಚಲಿಸಿರುತ್ತದೆ. ಆ 50 ಮೀಟರಿನೊಳಗೆ ರಸ್ತೆ ದಾಟುವ ಪಾದಚಾರಿ ಇರಬಹುದು. ದೀಪವಿಲ್ಲದ ಎತ್ತಿನ ಗಾಡಿ ಇರಬಹುದು. ಆ ಬೆಳಕನ್ನು ಚೆಲ್ಲಿದ ಸವಾರನೇ ಇರಬಹುದು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನಗಳ ಅಧಿನಿಯಮ ಮತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇಡೀ ದೇಶಕ್ಕೆ ಅನ್ವಯಿಸುತ್ತವೆ. ರಾಜ್ಯದ ಗಡಿ ದಾಟಿದ ಮಾತ್ರಕ್ಕೆ ದೀಪದ ಕಾನೂನು ಬದಲಾಗುವುದಿಲ್ಲ. ಮುಖ್ಯ ನಿಬಂಧನೆಗಳು ಹೀಗಿವೆ:

ನಿಯಮ 105: ಸೂರ್ಯಾಸ್ತದ ಅರ್ಧ ಗಂಟೆಯ ಅನಂತರದಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನವರೆಗೆ ಮತ್ತು ಬೆಳಕು ಸಾಲದ ಯಾವುದೇ ವೇಳೆಯಲ್ಲಿ ವಾಹನದ ದೀಪಗಳು ಉರಿಯುತ್ತಿರಬೇಕು. 155 ಮೀಟರ್ ದೂರದಲ್ಲಿರುವ ಜನರೂ ವಾಹನಗಳೂ ಗುರುತಿಗೆ ಸಿಗುವಂತಿರಬೇಕು. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಇರುವಾಗ ಹೆಡ್‌ಲೈಟ್ ತಾನಾಗಿಯೇ ಉರಿಯುವ ವ್ಯವಸ್ಥೆ ಕಡ್ಡಾಯವಾಗಿದೆ.

ನಿಯಮ 106: ಮುಂದಕ್ಕೆ ಬೆಳಕು ಬೀರುವ ಯಾವುದೇ ದೀಪವು ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣನ್ನು ಕೋರೈಸಕೂಡದು. ಇದಕ್ಕಾಗಿ ದೀಪವು ಶಾಶ್ವತವಾಗಿ ಕೆಳಮುಖವಾಗಿರಬೇಕು. ಇಲ್ಲವೇ ಸವಾರನು ಅದನ್ನು ಡಿಪ್ ಮಾಡುವ ಅಥವಾ ಆರಿಸುವ ಏರ್ಪಾಡು ಇರಬೇಕು.

ನಿಯಮ 108: ಮುಂದಕ್ಕೆ ಕೆಂಪು ಬೆಳಕು ತೋರಿಸುವಂತಿಲ್ಲ. ಅಲಂಕಾರಕ್ಕೆಂದು ಮಿನುಗುವ ಬಣ್ಣದ ದೀಪಗಳನ್ನು ಹಾಕುವವರು ಈ ನಿಯಮವನ್ನು ವಿಶೇಷವಾಗಿ ಗಮನಿಸಬೇಕು.

ನಿಯಮ 111: ನೋಂದಣಿ ಪ್ರಾಧಿಕಾರದ ಪೂರ್ವಾನುಮತಿಯಿಲ್ಲದೆ, ಅದೂ ಅಸಾಧಾರಣ ಸಂದರ್ಭಗಳಲ್ಲಿ ಹೊರತು, ವಾಹನದ ಮುಂಭಾಗದಲ್ಲಿ ಸ್ಪಾಟ್‌ಲೈಟ್ ಅಥವಾ ಸರ್ಚ್‌ಲೈಟ್ ಅಳವಡಿಸುವುದು ನಿಷಿದ್ಧ.

ಕಲಂ 52: ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿ ಈ ಕಲಮನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ.

ದಂಡನೆಯ ವಿಷಯವನ್ನೂ ತಿಳಿದಿರಬೇಕು. 2019ರ ತಿದ್ದುಪಡಿಯಿಂದ ಸೇರಿಸಲಾದ ಕಲಂ 182ಎ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಬೇರೆ ದಂಡನೆ ಹೇಳಿರದ ಉಲ್ಲಂಘನೆಗಳಿಗೆ ಕಲಂ 177 ಅನ್ವಯಿಸುತ್ತದೆ. ಮೊದಲ ಬಾರಿಗೆ 500 ರೂಪಾಯಿವರೆಗೆ, ಮರುಕಳಿಸಿದರೆ 1,500 ರೂಪಾಯಿವರೆಗೆ ದಂಡ. ಕರ್ನಾಟಕದ ಪೊಲೀಸರು 2024ರ ಜುಲೈಯಲ್ಲಿ ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆ ನಡೆಸಿದರು.

ಅಂಗಡಿಯಲ್ಲಿ ಮಾರಾಟಕ್ಕಿರುವ ವಸ್ತುವೆಲ್ಲವೂ ರಸ್ತೆಯಲ್ಲಿ ಬಳಸಲು ಅನುಮತಿ ಪಡೆದ ವಸ್ತುವಲ್ಲ ಎಂಬುದನ್ನು ಓದುಗರು ಮರೆಯಬಾರದು. ನಿಮ್ಮ ಮಾದರಿಯ ವಾಹನಕ್ಕೆಂದೇ ತಯಾರಕರು ಒದಗಿಸುವ ಮಂಜು ದೀಪಗಳಿದ್ದರೆ ಅವನ್ನೇ ಅಧಿಕೃತ ಮಾರಾಟಗಾರರಲ್ಲಿ ಹಾಕಿಸಿ, ರಸೀದಿಯನ್ನು ಜೋಪಾನವಾಗಿಡುವುದು ಸುರಕ್ಷಿತ ಮಾರ್ಗ. ಬೇರೆ ದೀಪ ಹಾಕಿಸುವ ಇಚ್ಛೆಯಿದ್ದಲ್ಲಿ, ಹಣ ತೆರುವ ಮುನ್ನ, ವಾಹನ ನೋಂದಣಿಯಾಗಿರುವ ಪ್ರಾದೇಶಿಕ ಸಾರಿಗೆ ಕಚೇರಿಗೆ ಲಿಖಿತವಾಗಿ ಅರ್ಜಿ ಕೊಟ್ಟು ಉತ್ತರ ಪಡೆಯಬೇಕು. ಊರಿನಲ್ಲಿ ನೋಂದಾಯಿಸಿದ ವಾಹನವನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡವರು ಕಲಂ 47ರಂತೆ ಅಲ್ಲಿಯ ಹೊಸ ನೋಂದಣಿ ಗುರುತು ಪಡೆಯಬೇಕಾಗುವುದರಿಂದ, ಆ ಕಾರ್ಯವನ್ನು ಮೊದಲು ಮುಗಿಸುವುದು ಒಳಿತು.

ಮೊದಲು ಇರುವ ದೀಪವನ್ನು ಸರಿಪಡಿಸಿ

ಹೆಚ್ಚಿನ ದೀಪ ಬೇಕೆನ್ನುವ ಎಷ್ಟೋ ವಾಹನಗಳಲ್ಲಿ ಇರುವ ದೀಪವೇ ಪೂರ್ಣ ಬೆಳಕು ಕೊಡುತ್ತಿರುವುದಿಲ್ಲ. ಗಾಜಿನ ಮೇಲಿನ ಧೂಳು, ಮಂಕಾದ ಪ್ರತಿಫಲಕ, ತುಕ್ಕು ಹಿಡಿದ ಜೋಡಣೆ, ದುರ್ಬಲ ಬ್ಯಾಟರಿ, ಇವೆಲ್ಲ ಕಾರಣಗಳು. ಹ್ಯಾಲೊಜೆನ್ ಬಲ್ಬಿಗೆ ದೊರೆಯುವ ವೋಲ್ಟೇಜು ಶೇಕಡ 10ರಷ್ಟು ಇಳಿದರೆ ಬೆಳಕು ಶೇಕಡ 30ರಷ್ಟು ಕುಗ್ಗುತ್ತದೆ. ದೀಪವನ್ನು ಸ್ವಚ್ಛಗೊಳಿಸಿ, ತಂತಿಗಳನ್ನು ಪರೀಕ್ಷಿಸಿ, ಎತ್ತರ ಸರಿಪಡಿಸಿದ ಮೇಲೆ ಎರಡು ರಾತ್ರಿ ಓಡಿಸಿ ನೋಡಿ. ಬಹಳ ಸಲ ಕೊರತೆ ಅಷ್ಟರಲ್ಲಿಯೇ ನೀಗುತ್ತದೆ. ಹ್ಯಾಲೊಜೆನ್ ಬಲ್ಬಿಗೆಂದು ರೂಪಿಸಿದ ಹೆಡ್‌ಲೈಟಿನೊಳಗೆ ಎಲ್‌ಇಡಿ ಬಲ್ಬು ತುರುಕುವುದು ಮಾತ್ರ ಸಲ್ಲದು. ಬೆಳಕು ಹೊಮ್ಮುವ ಬಿಂದು ಸ್ಥಾನ ತಪ್ಪಿದಾಗ ಪ್ರತಿಫಲಕವು ಬೆಳಕನ್ನು ರಸ್ತೆಗೆ ಕಳುಹಿಸುವ ಬದಲು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ.

ದೀಪದ ಆಯ್ಕೆ ಮತ್ತು ಜೋಡಣೆ

ಅನುಮತಿ ದೊರೆತ ಮೇಲೆ ಆಯ್ಕೆಯ ಪ್ರಶ್ನೆ. ದೂರಕ್ಕೆ ಕಿರಿದಾದ ಕಿರಣ ಬೀರುವ ದೀಪಕ್ಕಿಂತ, ಅಗಲವಾಗಿ ಹರಡಿ, ಮೇಲಂಚು ಗೆರೆ ಎಳೆದಂತೆ ಕತ್ತರಿಸಿದ ಬೆಳಕು ಕೊಡುವ ಮಂಜು ದೀಪವೇ ಸಾಮಾನ್ಯ ಸವಾರರಿಗೆ ಉಪಯುಕ್ತ. ರಸ್ತೆಯ ಅಂಚು, ಗುಂಡಿ, ತಿರುವುಗಳು ಇದರಿಂದ ಕಾಣುತ್ತವೆ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆಂಬ ನಂಬಿಕೆ ಸರಿಯಲ್ಲ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಬಹು ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿಯೇ ಚದುರಿಸುತ್ತವೆ. ಮಂಜಿನಲ್ಲಿ ನೆರವಾಗುವುದು ದೀಪದ ಬಣ್ಣಕ್ಕಿಂತ ಅದು ಇರುವ ಕೆಳಮಟ್ಟದ ಸ್ಥಾನ.

ವಿಶ್ವಸಂಸ್ಥೆಯ 53ನೆಯ ವಾಹನ ನಿಯಮಾವಳಿಯು ಮೋಟಾರು ಸೈಕಲ್ಲಿನ ಮುಂಭಾಗದ ಮಂಜು ದೀಪಗಳು ಒಂದು ಅಥವಾ ಎರಡು ಇರಬಹುದೆಂದೂ, ನೆಲದಿಂದ ಕನಿಷ್ಠ 250 ಮಿಲಿಮೀಟರ್ ಎತ್ತರದಲ್ಲಿದ್ದು, ಡಿಪ್ ದೀಪಕ್ಕಿಂತ ಮೇಲೆ ಇರಬಾರದೆಂದೂ ಹೇಳುತ್ತದೆ. ಭಾರತದಲ್ಲಿ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳ ದೀಪಗಳ ಅಳವಡಿಕೆಗೆ ಎಐಎಸ್-009 ಎಂಬ ಮಾನದಂಡವಿದೆ. ದೀಪಗಳನ್ನು ಎರಡೂ ಬದಿಯಲ್ಲಿ ಸಮಾನ ಎತ್ತರದಲ್ಲಿ, ಅದುರದಂತೆ ಭದ್ರವಾಗಿ ಕೂರಿಸಬೇಕು. ಹ್ಯಾಂಡಲ್ ತಿರುಗಿಸುವಾಗ ತಂತಿ ಎಳೆಯದಂತೆ ಸಡಿಲ ಬಿಡಬೇಕು.

ವಿದ್ಯುತ್ತಿನ ಲೆಕ್ಕವನ್ನು ಮೊದಲೇ ಮಾಡಬೇಕು. ತಲಾ 20 ವಾಟಿನ ಎರಡು ದೀಪಗಳೆಂದರೆ 40 ವಾಟ್. 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 3.3 ಆಂಪಿಯರ್. ಇದಕ್ಕೆ 5 ಆಂಪಿಯರ್ ಫ್ಯೂಸ್ ಸಾಕು. ಈ ಹೊರೆಯನ್ನು ವಾಹನದ ವಿದ್ಯುತ್ ಉತ್ಪಾದನೆ ತಾಳುವುದೇ ಎಂಬುದನ್ನು ಕೈಪಿಡಿಯಿಂದ ಅಥವಾ ಸರ್ವಿಸ್ ಕೇಂದ್ರದಿಂದ ತಿಳಿಯಬೇಕು.

ಹೆಡ್‌ಲೈಟಿನ ತಂತಿಗೆ ನೇರವಾಗಿ ಗಂಟು ಹಾಕುವುದು ಅಪಾಯಕರ. ತೆಳುವಾದ ತಂತಿಯೂ ಸ್ವಿಚ್ಚೂ ಕಾದು ಕರಗಬಹುದು. ಬ್ಯಾಟರಿಯಿಂದ ಫ್ಯೂಸ್ ಮೂಲಕ ರಿಲೇಯ 30ನೆಯ ತುದಿಗೂ, 87ನೆಯ ತುದಿಯಿಂದ ದೀಪಗಳಿಗೂ ತಂತಿ ಎಳೆಯಬೇಕು. 85 ಮತ್ತು 86ನೆಯ ತುದಿಗಳಲ್ಲಿ ಒಂದನ್ನು ಅರ್ಥಿಂಗಿಗೂ ಇನ್ನೊಂದನ್ನು ಸ್ವಿಚ್ಚಿಗೂ ಜೋಡಿಸಬೇಕು. ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರವಿರಲಿ. ಇಗ್ನಿಷನ್ ಬಂದ್ ಆದೊಡನೆ ದೀಪವೂ ಆರುವಂತಿರಲಿ. ದೂರ ಬೀರುವ ದೀಪಕ್ಕೆ ಅನುಮತಿ ದೊರೆತಿದ್ದಲ್ಲಿ, ಹೆಡ್‌ಲೈಟನ್ನು ಡಿಪ್ ಮಾಡಿದ ಕ್ಷಣವೇ ಅದು ತಾನಾಗಿ ಆರುವಂತೆ ಜೋಡಿಸುವುದು ನಿಯಮ 106ರ ಆಶಯಕ್ಕೆ ಅನುಗುಣವಾದ ಕ್ರಮ. ಸ್ವತಃ ಮಾಡಲು ಧೈರ್ಯವಿಲ್ಲದವರು ಅನುಭವಿ ಆಟೊ ಎಲೆಕ್ಟ್ರಿಷಿಯನ್ ಬಳಿ ಮಾಡಿಸಬೇಕು.

ದಿಕ್ಕು ಹೊಂದಿಸುವ ವಿಧಾನ

ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 8 ಮೀಟರ್ ದೂರಕ್ಕೆ ವಾಹನವನ್ನು ನೆಟ್ಟಗೆ ನಿಲ್ಲಿಸಿ. ಟೈರುಗಳಲ್ಲಿ ಸರಿಯಾದ ಗಾಳಿಯಿರಲಿ. ಸವಾರನು ಮೇಲೆ ಕುಳಿತಿರಲಿ. ದೀಪದ ಮಧ್ಯಬಿಂದು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಅದಕ್ಕಿಂತ 16 ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ ಇರಲಿ. ಮಂಜು ದೀಪದ ಬೆಳಕಿನ ಮೇಲಂಚು ಈ ಕೆಳಗಿನ ಗೆರೆಗೆ ಬರುವಂತೆ ತಿರುಪನ್ನು ಬಿಗಿಮಾಡಿ. ಇದು ನೂರಕ್ಕೆ ಎರಡರಷ್ಟು ಇಳಿಜಾರು. 60 ಸೆಂಟಿಮೀಟರ್ ಎತ್ತರದಲ್ಲಿರುವ ದೀಪದ ಬೆಳಕು ಆಗ 30 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ.

ಅನಂತರ ನಿಯಮದ ಪರೀಕ್ಷೆಯನ್ನೇ ಮಾಡಿ ನೋಡಬಹುದು. 8 ಮೀಟರ್ ಮುಂದೆ, ದೀಪದ ಬಲಕ್ಕೆ ಅರ್ಧ ಮೀಟರ್ ಸರಿದು, ಕಣ್ಣು ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ ಬರುವಂತೆ ಸ್ನೇಹಿತರೊಬ್ಬರನ್ನು ನಿಲ್ಲಿಸಿ. ಅವರ ಕಣ್ಣು ಕುಕ್ಕಿದರೆ ದೀಪ ಇನ್ನೂ ಮೇಲಿದೆ ಎಂದು ಅರ್ಥ.

ಹಿಂಬದಿ ಸವಾರರು ಕುಳಿತಾಗ ಅಥವಾ ಸಾಮಾನು ಹೇರಿದಾಗ ವಾಹನದ ಹಿಂಭಾಗ ತಗ್ಗಿ ದೀಪ ಮೇಲೇಳುತ್ತದೆ. ಒಂದೇ ಒಂದು ಡಿಗ್ರಿ ಎದ್ದರೂ 50 ಮೀಟರ್ ದೂರದಲ್ಲಿ ಬೆಳಕು 87 ಸೆಂಟಿಮೀಟರ್ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಸಂಸಾರಸಮೇತ ಊರಿಗೆ ಹೊರಡುವ ದಿನ ಅದೇ ಭಾರದೊಡನೆ ಮತ್ತೊಮ್ಮೆ ಹೊಂದಿಸುವುದು ಅವಶ್ಯಕ.

ರಸ್ತೆಯಲ್ಲಿ ಅನುಸರಿಸಬೇಕಾದ ಕ್ರಮ

ಬೀದಿದೀಪಗಳಿರುವ ನಗರದ ರಸ್ತೆಗಳಲ್ಲಿ ಹೆಚ್ಚುವರಿ ದೀಪಗಳ ಅವಶ್ಯಕತೆಯಿಲ್ಲ, ಆರಿಸಿಡಿ. ಎದುರಿನಿಂದ ವಾಹನ ಬರುವುದು ಕಂಡೊಡನೆ ಡಿಪ್ ಮಾಡಿ. ಅವರು ಮಾಡಲಿ ಎಂದು ಕಾಯಬೇಡಿ. ಅವರು ಮಾಡದಿದ್ದರೂ ಪ್ರತಿಯಾಗಿ ಬೆಳಕು ಎರಚದೆ, ವೇಗ ತಗ್ಗಿಸಿ, ರಸ್ತೆಯ ಎಡ ಅಂಚಿನ ಗೆರೆಯತ್ತ ದೃಷ್ಟಿಯಿಡಿ. ಮುಂದೆ ಹೋಗುತ್ತಿರುವ ವಾಹನದ ಕನ್ನಡಿಗೆ ನಿಮ್ಮ ಬೆಳಕು ಬೀಳದಷ್ಟು ಅಂತರವಿರಲಿ. ಘಟ್ಟದ ತಿರುವುಗಳಲ್ಲಿ ಕೆಳಗಿನಿಂದ ಹತ್ತಿ ಬರುವವರ ಕಣ್ಣಿನ ನೇರಕ್ಕೆ ಬೆಳಕು ಬೀಳಬಹುದೆಂಬ ಎಚ್ಚರವಿರಲಿ.

ದೆಹಲಿಯ ಸುತ್ತಮುತ್ತ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಕವಿಯುವ ದಟ್ಟ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ತಾಗಿ ಮರಳಿ ಕಣ್ಣಿಗೇ ಬಂದು, ಬಿಳಿಯ ಗೋಡೆಯೊಂದು ಎದುರಾದಂತಾಗುತ್ತದೆ. ಆಗ ಡಿಪ್ ಮತ್ತು ಕೆಳಮಟ್ಟದ ಮಂಜು ದೀಪ ಮಾತ್ರ ಸಾಕು. ಏನೂ ಕಾಣದಿದ್ದರೆ ರಸ್ತೆಯಿಂದ ಪೂರ್ಣವಾಗಿ ಹೊರಕ್ಕೆ ಸರಿದು ನಿಲ್ಲುವುದೇ ವಿವೇಕ.

ಹೊರಡುವ ಮುನ್ನ ನೋಡಿಕೊಳ್ಳಿ

1. ಹೆಡ್‌ಲೈಟ್, ಹಿಂದೀಪ, ಬ್ರೇಕ್ ದೀಪ ಸರಿಯಾಗಿವೆಯೇ? ಗಾಜು ಸ್ವಚ್ಛವಾಗಿದೆಯೇ?
2. ಹೆಚ್ಚುವರಿ ದೀಪಗಳ ತಿರುಪುಗಳು ಬಿಗಿಯಾಗಿವೆಯೇ? ಇಂದಿನ ಭಾರಕ್ಕೆ ದಿಕ್ಕು ಹೊಂದಿಸಿದೆಯೇ?
3. ಡಿಪ್ ಮಾಡಿದಾಗ ದೂರ ಬೀರುವ ದೀಪ ಆರುತ್ತಿದೆಯೇ?
4. ಬದಲಿ ಫ್ಯೂಸ್ ಒಂದು ಚೀಲದಲ್ಲಿದೆಯೇ?
5. ದೀಪದ ರಸೀದಿ ಹಾಗೂ ಸಾರಿಗೆ ಕಚೇರಿಯ ಅನುಮತಿ ಪತ್ರ ಇತರ ದಾಖಲೆಗಳೊಡನೆ ಇವೆಯೇ?

ಒಳ್ಳೆಯ ದೀಪದ ಲಕ್ಷಣವೆಂದರೆ ಅದು ರಸ್ತೆಯನ್ನು ತೋರಿಸುತ್ತದೆ, ಕಣ್ಣಿಗೆ ರಾಚುವುದಿಲ್ಲ. ಎದುರಿನಿಂದ ಬರುವವರೂ ನಮ್ಮಂತೆಯೇ ಮನೆ ಸೇರಬೇಕಾದವರು. ಅವರ ದೃಷ್ಟಿಯನ್ನು ಕಾಪಾಡಿದರೆ ನಮ್ಮ ಪ್ರಾಣವನ್ನೂ ಕಾಪಾಡಿಕೊಂಡಂತೆ ಎಂಬುದನ್ನು ಪ್ರತಿಯೊಬ್ಬ ಸವಾರರೂ ನೆನಪಿನಲ್ಲಿಡಬೇಕು.