‘ರಸ್ಟ್’ ಮತ್ತು ‘ತುಕ್ಕು’: ಅರ್ಥ ಹಾಗೂ ಪ್ರಯೋಗಗಳ ಪರಿಶೀಲನೆ

ಮಂಗಳೂರು ನಗರದ ದೇರೆಬೈಲಿನಂತಹ ಪರಿಸರದಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೇಟಿನ ತಿರುಗಣೆ, ಕಿಟಕಿಯ ಸರಳು, ತಾರಸಿಯ ಮೇಲಿನ ತಗಡಿನ ಮಾಡುಗಳ ಮೇಲೆ ಕಂದುಗೆಂಪು ಪುಡಿ ಕಾಣಿಸಿಕೊಳ್ಳುತ್ತದೆ. ನೀರು ಮತ್ತು ಆಮ್ಲಜನಕದೊಡನೆ ಕಬ್ಬಿಣ ಸಂಯೋಗಗೊಂಡು ಉಂಟಾಗುವ ಈ ಪುಡಿಯನ್ನು ಕಡಲಿನ ಉಪ್ಪುಗಾಳಿ ಇನ್ನಷ್ಟು ಬೇಗ ಬೆಳೆಸುತ್ತದೆ. ಇಂಗ್ಲಿಷಿನಲ್ಲಿ ಇದು ‘ರಸ್ಟ್’, ಕನ್ನಡದಲ್ಲಿ ‘ತುಕ್ಕು’. ದ್ವಿಭಾಷಾ ನಿಘಂಟುಗಳಲ್ಲಿ ಈ ಎರಡು ಪದಗಳನ್ನು ಪರಸ್ಪರ ಸಮಾನಾರ್ಥಕಗಳೆಂದು ಕೊಡುವುದು ವಾಡಿಕೆ. ವಸ್ತುವಿನ ಮಟ್ಟಿಗೆ ಈ ಸಮೀಕರಣ ಸರಿ. ಪ್ರಯೋಗದ ಮಟ್ಟಿಗೆ ಅದು ಎಷ್ಟು ದೂರ ನಿಲ್ಲುತ್ತದೆ ಎಂಬುದು ವಿಚಾರಾರ್ಹ. ಮ್ಯಾನರನ ತುಳು-ಇಂಗ್ಲಿಷ್ ನಿಘಂಟು (1886) ಮತ್ತು ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು (1894) ಇದೇ ಮಂಗಳೂರಿನಲ್ಲಿ ಅಚ್ಚಾದವು ಎಂಬುದನ್ನು ನೆನೆದರೆ, ಪ್ರಶ್ನೆಯನ್ನು ಇಲ್ಲಿಂದಲೇ ಎತ್ತುವುದು ಅನುಚಿತವೆನಿಸದು.

ಇಂಗ್ಲಿಷಿನ ‘ರಸ್ಟ್’ ಮೂಲತಃ ವರ್ಣವಾಚಿ. ಕೆಂಪು ಎಂಬರ್ಥದ ‘ರೆಡ್’ ಹುಟ್ಟಿದ ಇಂಡೋ-ಯುರೋಪಿಯನ್ ಧಾತುವೇ ಇದರ ಮೂಲವೂ ಆಗಿದೆ; ಜರ್ಮನ್ ಮತ್ತು ಡಚ್ ರೂಪಗಳು ಇದರ ಸೋದರಪದಗಳು. ದ್ರಾವಿಡ ಭಾಷೆಗಳ ಸ್ಥಿತಿ ಬೇರೆ. ಕನ್ನಡದ ತುಕ್ಕು, ತಮಿಳಿನ ತುರು, ಮಲಯಾಳದ ತುರುಂಬು, ತೆಲುಗಿನ ತುಪ್ಪು ಇವುಗಳಲ್ಲಿ ಕೆಂಪನ್ನು ಸೂಚಿಸುವ ಧಾತುವಿನ ಸುಳಿವಿಲ್ಲ. ಸ್ವಾರಸ್ಯವೆಂದರೆ, ಲೋಹಕ್ಕೆ ಮಾತ್ರ ನಮ್ಮಲ್ಲಿ ಬಣ್ಣದಿಂದಲೇ ಹೆಸರು ಬಂದಿದೆ: ಕರಿಯ ಪೊನ್ನು ಎಂಬ ಅರ್ಥದ ಸಮಾಸದಿಂದ ಕನ್ನಡದ ಕಬ್ಬಿಣ ಬಂದಿದೆ, ತುಳುವಿನ ಕರ್ಬವೂ ಅದೇ ಬಳಗದ್ದು.

ವ್ಯಾಕರಣದಲ್ಲಿ ಅಂತರ ಇನ್ನೂ ಸ್ಪಷ್ಟ. ಇಂಗ್ಲಿಷಿನಲ್ಲಿ ‘ರಸ್ಟ್’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಅಲ್ಲಿ ಕಬ್ಬಿಣವೇ ಕರ್ತೃವಾಗಿ ಆ ಕ್ರಿಯೆಯನ್ನು ನಡೆಸುತ್ತದೆ. ಕನ್ನಡದಲ್ಲಿ ‘ಕಬ್ಬಿಣಕ್ಕೆ ತುಕ್ಕು ಹಿಡಿಯಿತು’ ಎನ್ನುತ್ತೇವೆ. ಹಿಡಿಯುವುದು ತುಕ್ಕು, ಕಬ್ಬಿಣ ಚತುರ್ಥಿಯಲ್ಲಿದ್ದು ಅದಕ್ಕೆ ಒಳಗಾಗುತ್ತದೆ. ಹುಚ್ಚು, ಮಂಕು, ಗ್ರಹಣ, ಗೆದ್ದಲು, ಬೂಷ್ಟು ಇವೆಲ್ಲ ‘ಹಿಡಿಯುವ’ ಸಂಗತಿಗಳೇ. ಅಂದರೆ ತುಕ್ಕು ಹೊರಗಿನಿಂದ ಬಂದು ಆಕ್ರಮಿಸುವ ಪೀಡೆಗಳ ಸಾಲಿಗೆ ಸೇರುತ್ತದೆ. ‘ಕಬ್ಬಿಣ ತುಕ್ಕು ಹಿಡಿದಿದೆ’ ಎಂಬ ರೂಪವೂ, ‘ತುಕ್ಕುಗಟ್ಟು’ ಎಂಬ ಪ್ರಯೋಗವೂ ಬಳಕೆಯಲ್ಲಿವೆ ಎಂಬುದು ನಿಜ. ಆದರೆ ಅಲ್ಲಿಯೂ ತುಕ್ಕು ತಾನೇ ಕ್ರಿಯೆಯಾಗುವುದಿಲ್ಲ, ಇನ್ನೊಂದು ಕ್ರಿಯಾಪದದ ಆಸರೆ ಅದಕ್ಕೆ ಬೇಕೇ ಬೇಕು.

ಈ ಕ್ರಿಯಾಪದದ ಬಲವನ್ನು ಎರವಲು ಪದಗಳು ಚೆನ್ನಾಗಿ ತೋರಿಸುತ್ತವೆ. ಉತ್ತರ ಕರ್ನಾಟಕದಲ್ಲಿ ಪಾರಸಿ ಮೂಲದ ‘ಜಂಗು’ ಪ್ರಚಾರದಲ್ಲಿದೆ. ಅದು ‘ಹಿಡಿಯುತ್ತದೆ’ ಅಥವಾ ‘ಹತ್ತುತ್ತದೆ’. ‘ಹತ್ತು’ ಹಳಗನ್ನಡದ ‘ಪತ್ತು’ವಿನಿಂದ ಬಂದದ್ದು, ತುಳುವಿನಲ್ಲಿ ಅದೇ ಧಾತು ಇಂದಿಗೂ ಪಕಾರ ಉಳಿಸಿಕೊಂಡು ಹಿಡಿಯುವ, ಅಂಟಿಕೊಳ್ಳುವ ಅರ್ಥದಲ್ಲಿದೆ. ಇಂಗ್ಲಿಷ್ ಬೆರೆಸಿ ಮಾತನಾಡುವ ನಗರದ ಜನರೂ ‘ರಸ್ಟ್ ಹಿಡಿದಿದೆ’ ಎನ್ನುತ್ತಾರೆ. ನಾಮಪದ ದೇಶ್ಯವಿರಲಿ, ಪಾರಸಿಯಿರಲಿ, ಇಂಗ್ಲಿಷಿರಲಿ, ವಾಕ್ಯದ ಅಚ್ಚು ಬದಲಾಗಿಲ್ಲ. ನಿಘಂಟುಕಾರರು ‘ರಸ್ಟ್’ಗೆ ಕೇವಲ ‘ತುಕ್ಕು’ ಎಂದು ಬರೆದು ಮುಂದೆ ಸಾಗಿದರೆ ಕಳೆದುಹೋಗುವುದು ಈ ಅಚ್ಚು.

ಲೋಹಭೇದದ ವಿಷಯದಲ್ಲಿ ಕನ್ನಡಕ್ಕೆ ‘ಕಿಲುಬು’ ಎಂಬ ಇನ್ನೊಂದು ಪದವಿದೆ. ಹುಣಸೆಹಣ್ಣು ಹಚ್ಚಿ ಉಜ್ಜದ ತಾಮ್ರ, ಹಿತ್ತಾಳೆಯ ಪಾತ್ರೆಗೆ ಹಿಡಿಯುವುದು ಕಿಲುಬು. ಅದನ್ನು ತುಕ್ಕು ಎನ್ನುವವರು ವಿರಳ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಭೂಮಿಯ ಮೇಲಿನ ಗಂಟಿನ ಮಾತು ಬರುವಲ್ಲಿ ಪ್ರಸಿದ್ಧ ಇಂಗ್ಲಿಷ್ ಅನುವಾದ ‘ರಸ್ಟ್’ ಎಂದಿದೆ. ಗ್ರೀಕ್ ಮೂಲದ ಪದಕ್ಕಾದರೋ ‘ತಿನ್ನುವಿಕೆ’ ಎಂಬಷ್ಟೇ ಅರ್ಥ. ಕನ್ನಡದ ಹಳೆಯ ಅನುವಾದಕರು ಇಲ್ಲಿ ತುಕ್ಕನ್ನು ಬಿಟ್ಟು ಕಿಲುಬನ್ನು ಆರಿಸಿಕೊಂಡು, ಅದಕ್ಕೆ ‘ಹತ್ತು’ ಕ್ರಿಯಾಪದವನ್ನು ಜೋಡಿಸಿದ್ದಾರೆ. ಕೂಡಿಟ್ಟ ಗಂಟಿನಲ್ಲಿ ಇರಬಹುದಾದುದು ಕಬ್ಬಿಣವಲ್ಲ ಎಂಬ ವಿವೇಕ ಈ ಆಯ್ಕೆಯಲ್ಲಿ ಕಾಣುತ್ತದೆ. ಪದಕ್ಕೆ ಪದವನ್ನಿಡುವ ಅನುವಾದಕ್ಕೆ ಇದು ದಕ್ಕುವಂಥದಲ್ಲ.

ಸಸ್ಯರೋಗದ ಹೆಸರಿನಲ್ಲಿ ನಡೆದಿರುವುದು ಇದಕ್ಕೆ ವಿರುದ್ಧವಾದ ಕ್ರಿಯೆ. 1869ರಲ್ಲಿ ಸಿಲೋನಿನ ಕಾಫಿ ತೋಟಗಳಲ್ಲಿ ಗುರುತಿಸಲಾದ, ಮುಂದೆ ಕೊಡಗು, ಚಿಕ್ಕಮಗಳೂರುಗಳ ಬೆಳೆಗಾರರನ್ನೂ ಕಾಡಿದ ಶಿಲೀಂಧ್ರ ರೋಗಕ್ಕೆ ಕನ್ನಡದಲ್ಲಿ ‘ಎಲೆ ತುಕ್ಕು ರೋಗ’ ಎನ್ನಲಾಗುತ್ತದೆ. ಎಲೆಯ ಅಡಿಯಲ್ಲಿ ಕಾಣುವ ಕಿತ್ತಳೆ ಬಣ್ಣದ ಪುಡಿಯಲ್ಲಿ ಕಬ್ಬಿಣದ ಸಂಬಂಧವೇನೂ ಇಲ್ಲ. ಇಂಗ್ಲಿಷಿನಲ್ಲಿ ಬಣ್ಣದ ಸಾಮ್ಯದಿಂದ ಬಂದ ಹೆಸರನ್ನು ಅನುವಾದಿಸಿದಾಗ, ತುಕ್ಕು ಎಂಬ ಪದಕ್ಕೆ ಮೊದಲಿಲ್ಲದ ವರ್ಣಾರ್ಥವೊಂದು ಅಂಟಿಕೊಂಡಿತು. ಗೋಧಿಗೆ ಬರುವ ಇದೇ ಬಗೆಯ ರೋಗವನ್ನು ಉತ್ತರ ಕರ್ನಾಟಕದ ರೈತರು ‘ಭಂಡಾರ ರೋಗ’ ಎನ್ನುತ್ತಾರೆ. ಭಂಡಾರವೆಂದರೆ ಅಲ್ಲಿ ಅರಿಸಿನದ ಪುಡಿ. ಬಣ್ಣವನ್ನು ಹೇಳಬೇಕಾದಾಗ ಆಡುಭಾಷೆ ಲೋಹದ ಕಡೆ ನೋಡದೆ ದೇವರ ಜಾತ್ರೆಯ ಕಡೆ ನೋಡಿದೆ. ಕೃಷಿ ಸಾಹಿತ್ಯದಲ್ಲಿ ಈ ಹೆಸರು ಆವರಣದೊಳಗೆ ಉಳಿದುಕೊಂಡು, ತುಕ್ಕು ರೋಗವೇ ಮುಖ್ಯ ಹೆಸರಾಗಿರುವುದು ಅಪೇಕ್ಷಣೀಯವಲ್ಲ.

ಮನುಷ್ಯನ ಬಗ್ಗೆ ಆಡುವ ಮಾತಿನಲ್ಲಿಯೂ ಪದಗಳು ಬೇರೆಯಾಗುತ್ತವೆ. ಬಹುಕಾಲ ಬಳಸದ ಭಾಷೆಯ ಬಗ್ಗೆ ಇಂಗ್ಲಿಷ್ ಮಾತುಗಾರ ತನ್ನದು ‘ರಸ್ಟಿ’ ಆಗಿದೆಯೆಂದು ಸಂಕೋಚದಿಂದ ಹೇಳಿಕೊಳ್ಳಬಲ್ಲ. ಉಜ್ಜಿದರೆ ಹೊಳೆಯುತ್ತದೆಂಬ ಭರವಸೆ ಅದರಲ್ಲಿದೆ. ಕನ್ನಡದಲ್ಲಿ ‘ತುಕ್ಕು ಹಿಡಿದ ಬುದ್ಧಿ’ ಎಂಬುದು ಬಹುಮಟ್ಟಿಗೆ ಬೈಗುಳ. ಮೊದಲಿನ ಅರ್ಥಕ್ಕೆ ‘ರೂಢಿ ತಪ್ಪಿದೆ’ ಎಂಬುದೇ ಸಹಜ ನುಡಿ.

ಬಣ್ಣದ ವಿಷಯದಲ್ಲಿ ಕರಾವಳಿಯ ನೆಲವೇ ಒಂದು ಸಾಕ್ಷ್ಯ. ಇಲ್ಲಿನ ಮುರಕಲ್ಲು, ಮಂಗಳೂರು ಹಂಚು, ಕಾವಿ ಬಳಿದ ನೆಲ ಎಲ್ಲಕ್ಕೂ ಕೆಂಪು ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದಲೇ. ಕಡಿದಾಗ ಮೆತ್ತಗಿರುವ ಮುರಕಲ್ಲು ಗಾಳಿಗೆ ಗಟ್ಟಿಯಾಗುತ್ತದೆ. ಅದೇ ಗಾಳಿಗೆ ಕಬ್ಬಿಣ ಪುಡಿಯಾಗುತ್ತದೆ. ತುಕ್ಕು ತಡೆಯಲು ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ಕೂಡ ಅದೇ ಬಣ್ಣದ್ದು. ಹೀಗಿದ್ದೂ ಇಲ್ಲಿ ಯಾರೂ ಹಂಚನ್ನಾಗಲಿ ನೆಲವನ್ನಾಗಲಿ ತುಕ್ಕಿನ ಬಣ್ಣದ್ದು ಎನ್ನುವುದಿಲ್ಲ. ಸೀರೆಯಂಗಡಿಯಲ್ಲಿ ಈ ಬಣ್ಣ ಕೇಳುವವರು ‘ಇಟ್ಟಿಗೆ ಬಣ್ಣ’ ಎನ್ನುತ್ತಾರೆ, ಇಲ್ಲವೇ ‘ರಸ್ಟ್ ಕಲರ್’ ಎಂದು ಇಂಗ್ಲಿಷನ್ನೇ ಬಳಸುತ್ತಾರೆ. ತುಕ್ಕಿನ ಬಣ್ಣದ ಸೀರೆಯನ್ನು ಕನ್ನಡದಲ್ಲಿ ಕೇಳಿ ಕೊಳ್ಳುವವರು ಇನ್ನೂ ಹುಟ್ಟಬೇಕಷ್ಟೆ.